ಎತ್ತಿನ ಕೊಂಬು, ಕಾರಿನ ಬಾನೆಟ್ಟು

ನಮ್ಮ ಕಾರಿನ ಬಣ್ಣ ನೀಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಬುಕ್ಕಾಂಬುಧಿಯಲ್ಲಿ ಅದನ್ನು ದಿನವೂ ನೋಡುವವರು ಕೂಡ ಹಾಗೆ ಪ್ರಮಾಣ ಮಾಡಿ ಹೇಳಲಾರರು. ಮಳೆಗಾಲದಲ್ಲಿ ಅದು ಸೊಂಟದವರೆಗೆ ಕೆಸರಿನ ಬಣ್ಣ, ಬೇಸಿಗೆಯಲ್ಲಿ ನೆತ್ತಿಯವರೆಗೂ ಧೂಳಿನ ಬಣ್ಣ. ಆರ್.ಸಿ. ಒಂದೇ ನೀಲಿ ಎಂದು ಹಟ ಹಿಡಿದಿದೆ.

ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಕೊಂಡ ದಿನ ಅದು ಹೊಳೆಯುತ್ತಿತ್ತು ಎಂದರೆ, ಬಾನೆಟ್ಟಿನಲ್ಲಿ ನನ್ನ ಮುಖ ನೋಡಿಕೊಂಡು ಶೇವಿಂಗ್ ಸರಿಯಾಗಿಲ್ಲ ಎಂದು ನಾಚಿಕೊಂಡಿದ್ದೆ. ಊರಿಗೆ ತಂದು ನಿಲ್ಲಿಸಿದಾಗ ದೊಡ್ಡಪ್ಪ ಅದನ್ನು ಒಂದು ಸುತ್ತು ಹಾಕಿ, ‘ಹಲ್ಲು ನೋಡಿದ್ಯೇನಪ್ಪಾ?’ ಎಂದರು. ದನದ ಜಾತ್ರೆಗಳಲ್ಲಿ ಅರ್ಧ ಆಯುಷ್ಯ ಕಳೆದವರು ಅವರು. ವಯಸ್ಸಾದ ಎತ್ತಿಗೆ ಮೈ ತಿಕ್ಕಿ, ಎಣ್ಣೆ ಸವರಿ, ಕೊಂಬು ಹೆರೆದು ಸಾಲಿನಲ್ಲಿ ಕಟ್ಟುವವರನ್ನು ಅವರು ದೂರದಿಂದಲೇ ಗುರುತಿಸುತ್ತಿದ್ದರಂತೆ. ಕಾರಿಗೆ ಹಲ್ಲಿರುವುದಿಲ್ಲ, ಕಿಲೋಮೀಟರ್ ನೋಡಿದ್ದೇನೆ ಎಂದೆ. ‘ಹೂಂ, ಅದನ್ನೂ ಅವರೇ ತೋರ್ಸಿರ್ತಾರೆ’ ಎಂದು ಒಳಗೆ ಹೋದರು.

ಎರಡೇ ತಿಂಗಳು. ಒಂದು ಬೆಳಿಗ್ಗೆ ಬಿಸಿಲಿಗೆ ನಿಂತ ಕಾರಿನ ಮೈಮೇಲೆ ಜೇಡರ ಬಲೆ ಕಂಡಿತು. ಒರೆಸಲು ಹೋದೆ, ಹೋಗಲಿಲ್ಲ. ಬಾನೆಟ್ಟಿನಲ್ಲಿ ಕಾಣುವ ಸೂರ್ಯನ ಸುತ್ತ ನವಿರಾದ ಗೀರುಗಳ ಚಕ್ರ. ನಾನು ಎಡಕ್ಕೆ ಸರಿದರೆ ಅದೂ ಎಡಕ್ಕೆ, ಬಲಕ್ಕೆ ಬಂದರೆ ಅದೂ ಬಲಕ್ಕೆ. ಅಸಲಿಗೆ ಗೀರುಗಳು ಅಲ್ಲಿ ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿಯಾಗಿಯೇ ಇರುತ್ತವೆ. ಅವುಗಳಲ್ಲಿ ಬೆಳಕಿಗೆ ಅಡ್ಡಲಾಗಿ ಸಿಕ್ಕಿದವಷ್ಟೇ ಮಿನುಗಿ ಕಣ್ಣಿಗೆ ಚಕ್ರದಂತೆ ಕಾಣುತ್ತವೆ. ಮಾರುವ ಮೊದಲು ಅವಕ್ಕೆ ಎಣ್ಣೆಯಂಥದೊಂದು ಪಾಲಿಶ್ ತುಂಬಿ ಮುಚ್ಚಿರುತ್ತಾರೆ, ನಾಲ್ಕು ಸಲ ತೊಳೆದರೆ ಬಯಲಾಗುತ್ತದೆ ಎಂದು ತಿಳಿದದ್ದು ಆಮೇಲೆ. ದೊಡ್ಡಪ್ಪನಿಗೆ ಇದನ್ನು ನಾನು ಹೇಳಲಿಲ್ಲ.

ಪಾಲಿಶ್ ಮನೆಯಲ್ಲೇ ಮಾಡುವುದೆಂದು ತೀರ್ಮಾನವಾಯಿತು. ತೀರ್ಮಾನ ನನ್ನದು. ‘ವಾಟರ್ ಸರ್ವಿಸ್‌ಗೆ ಬಿಟ್ರೆ ಒಂದು ಗಂಟೆ ಕೆಲಸ’ ಎಂದಳು ನನ್ನಾಕೆ. ನಾನು ಮಾಡಿದರೆ ಎಷ್ಟು ಹೊತ್ತು ಎಂದು ಅವಳು ಕೇಳಲಿಲ್ಲ. ಅಡುಗೆಮನೆಯ ಕೆಟ್ಟ ನಲ್ಲಿಯನ್ನೊಮ್ಮೆ ತಿರುಗಿ ನೋಡಿದಳು, ಅಷ್ಟೆ. ಆಯುಧಪೂಜೆಗೆ ಇನ್ನು ಮೂರು ದಿನವಿತ್ತು.

ಮೊದಲು ತೊಳೆಯಬೇಕು. ನಮ್ಮೂರಿನ ಹೆಸರಲ್ಲೇ ಒಂದು ಕಡಲಿದೆ, ಅಂಬುಧಿ ಎಂದರೆ ಸಮುದ್ರ ತಾನೆ. ವಿಜಯನಗರದ ಬುಕ್ಕರಾಯನ ಹೆಸರಿನ ಕೆರೆ, ಅದರಿಂದ ಊರಿಗೂ ಆ ಹೆಸರು ಎಂದು ಹಿರಿಯರು ಹೇಳುತ್ತಾರೆ. ಹೆಸರಿನಲ್ಲಿ ನೀರಿಟ್ಟುಕೊಳ್ಳುವುದು ಈ ಸೀಮೆಯವರ ಅಭ್ಯಾಸವೋ ಏನೋ. ಮೊನ್ನೆಮೊನ್ನೆಯವರೆಗೆ ನಾವಿದ್ದ ತಾಲ್ಲೂಕು ತರೀಕೆರೆ, ಅದರಲ್ಲೂ ಒಂದು ಕೆರೆ. ಈಗ ಅಜ್ಜಂಪುರವೇ ತಾಲ್ಲೂಕಾಗಿದೆ. ಅದರ ಹತ್ತಿರ ಗುಡ್ಡ ಕೊರೆದು, ಏಳು ಕಿಲೋಮೀಟರಿಗೆ ಹತ್ತಿರದ ಸುರಂಗದಲ್ಲಿ ಭದ್ರೆಯ ನೀರನ್ನು ಚಿತ್ರದುರ್ಗದ ಕಡೆಗೆ ಸಾಗಿಸುವ ಯೋಜನೆಯೂ ಬಂದಿದೆ. ಇಷ್ಟೆಲ್ಲ ಇದ್ದರೂ ಕಾರು ತೊಳೆಯುವವನಿಗೆ ಬೋರ್‌ವೆಲ್ಲೇ ಗತಿ, ಬೋರ್‌ವೆಲ್ ನೀರೋ ಗಡಸು. ಬಿಸಿಲಲ್ಲಿ ತೊಳೆದು ಹಾಗೇ ಬಿಟ್ಟರೆ ನೀರು ಆರಿ ಸುಣ್ಣ ಉಳಿಯುತ್ತದೆ, ಮೈತುಂಬ ಬಿಳಿ ಚುಕ್ಕೆ. ನೀಲಿ ಕಾರು ಚುಕ್ಕೆ ಜಿಂಕೆಯಾಗುತ್ತದೆ. ಅದಕ್ಕೆ ಮನೆಮದ್ದು ನಿಂಬೆಹುಳಿ. ನೀರಿಗೆ ಸ್ವಲ್ಪ ಹಿಂಡಿ, ಸವರಿ, ಕೂಡಲೇ ತೊಳೆದುಬಿಟ್ಟರೆ ಸುಣ್ಣ ಬಿಡುತ್ತದೆ. ಸ್ನಾನದ ಮನೆಯ ಹಿತ್ತಾಳೆ ಹಂಡೆಗೆ ಅಮ್ಮ ಹುಣಸೆಹಣ್ಣು ತಿಕ್ಕುತ್ತಿದ್ದಳಲ್ಲ, ಅದೇ ವಿದ್ಯೆ. ಹಾಗೆಂದು ಹಂಡೆಗೆ ಹಾಕುತ್ತಿದ್ದ ಇಟ್ಟಿಗೆಪುಡಿಯನ್ನೂ ಕಾರಿಗೆ ಹಾಕಬಾರದು. ನಮ್ಮ ಎದುರುಮನೆಯ ಹುಡುಗ ಸ್ಕೂಟರಿಗೆ ಹಾಕಿದ್ದ. ಈಗ ಅವನ ಸ್ಕೂಟರಿನ ಬಣ್ಣ ಕೇಳಬಾರದು.

ಎರಡು ಬಕೆಟ್ ಇಟ್ಟುಕೊಂಡೆ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರಿನೀರು. ಉಜ್ಜಿದ ಬಟ್ಟೆಯನ್ನು ಮೊದಲು ಬರಿನೀರಿನಲ್ಲಿ ಜಾಲಿಸಿ ಆಮೇಲೆ ಶಾಂಪೂವಿಗೆ ಅದ್ದಬೇಕು. ಇಲ್ಲದಿದ್ದರೆ ಇಲ್ಲಿ ತೆಗೆದ ಮರಳನ್ನು ಅಲ್ಲಿಗೆ ಹಚ್ಚಿದಂತಾಗುತ್ತದೆ. ಆ ಜೇಡರ ಬಲೆ ನೇಯುವುದು ಬೇರಾರೂ ಅಲ್ಲ, ತೊಳೆಯುವವನ ಕೈಯೇ. ಬಟ್ಟೆ ಕೆಳಗೆ ಬಿದ್ದರೆ ಅದನ್ನು ಮತ್ತೆ ಮುಟ್ಟುವಂತಿಲ್ಲ. ನಮ್ಮಜ್ಜಿಯ ಮಡಿಗೂ ಇಷ್ಟು ಕಟ್ಟುನಿಟ್ಟಿರಲಿಲ್ಲ. ನನ್ನ ಬಟ್ಟೆ ಮೂರು ಸಲ ಬಿತ್ತು. ಮೂರನೆಯ ಸಲ ಸುತ್ತಮುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಎತ್ತಿಕೊಂಡೆ.

ನೆರಳಿಲ್ಲದೆ ಪಾಲಿಶ್ ಮಾಡಬಾರದು. ಹೊಂಗೆಮರದ ಕೆಳಗೆ ತಂಪೇನೋ ಇದೆ, ಆದರೆ ಅಲ್ಲಿ ಕಾಗೆಗಳ ಸಂಸಾರವೂ ಇದೆ. ಹಕ್ಕಿಯ ಹಿಕ್ಕೆಯಲ್ಲಿರುವ ಆಮ್ಲ ಬಿಸಿಲಿಗೆ ಬಣ್ಣವನ್ನೇ ಕಚ್ಚಿ ಹಿಡಿದು ಅಚ್ಚು ಬಿಡುತ್ತದೆ. ಕೊನೆಗೆ ಕಾರು ಕೊಟ್ಟಿಗೆಗೆ ಹೋಯಿತು. ಎತ್ತು ಮಾರಿ ವರ್ಷಗಳಾದವು. ಗೋದಲಿ ಹಾಗೇ ಇದೆ, ಗೂಟ ಹಾಗೇ ಇದೆ. ಗೋದಲಿಯ ಮೇಲೆ ಪಾಲಿಶ್ ಬಾಟಲಿ, ವ್ಯಾಕ್ಸ್ ಡಬ್ಬಿ, ಮೈಕ್ರೋಫೈಬರ್ ಬಟ್ಟೆ ಜೋಡಿಸಿಟ್ಟು ಉಜ್ಜತೊಡಗಿದೆ. ದೊಡ್ಡಪ್ಪ ಕುರ್ಚಿ ತಂದು ಹಾಕಿಕೊಂಡರು.

‘ಇದು ಯಾವ್ದು?’

‘ಪಾಲಿಶ್, ದೊಡ್ಡಪ್ಪ.’

‘ಆ ಡಬ್ಬಿ?’

‘ಅದು ವ್ಯಾಕ್ಸು. ಮೇಣ.’

‘ಎರಡೂ ಒಂದೇ ಅಲ್ವಾ?’

ಅಲ್ಲ. ಬಹಳ ಜನ ಎರಡನ್ನೂ ಸೇರಿಸಿ ‘ವ್ಯಾಕ್ಸ್ ಪಾಲಿಶ್’ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಪಾಲಿಶ್ ತೆಗೆಯುತ್ತದೆ, ವ್ಯಾಕ್ಸ್ ಮುಚ್ಚುತ್ತದೆ. ಪಾಲಿಶ್‌ನಲ್ಲಿರುವುದು ಕಣ್ಣಿಗೆ ಕಾಣದಷ್ಟು ನುಣ್ಣನೆಯ ಅರ. ಗೀರಿನ ಅಕ್ಕಪಕ್ಕದ ದಿಣ್ಣೆಯನ್ನು ಸವೆಸಿ ಗೀರಿನ ಮಟ್ಟಕ್ಕೆ ತರುತ್ತದೆ, ಆಗ ಬೆಳಕು ಚೆದುರದೆ ಒಂದೇ ಕಡೆಗೆ ಹೊರಳಿ ಮೈ ಹೊಳೆಯುತ್ತದೆ. ಇದನ್ನು ಹೇಗೆ ವಿವರಿಸುವುದೆಂದು ನಾನು ತಡವರಿಸುತ್ತಿರುವಾಗ ದೊಡ್ಡಪ್ಪನೇ ಹೇಳಿದರು: ‘ಅಂದ್ರೆ ಅದು ಕೊಂಬು ಹೆರೆಯೋದು. ಇದು ಎಣ್ಣೆ ಹಚ್ಚೋದು.’

ಮುಗಿಯಿತು. ನಾನು ವಾರಗಟ್ಟಲೆ ಓದಿಕೊಂಡದ್ದು ಎರಡು ವಾಕ್ಯಕ್ಕೆ ಇಳಿಯಿತು.

ನಮ್ಮದು ಅಮೃತಮಹಲ್ ಸೀಮೆ. ತಳಿ ಸಂವರ್ಧನಾ ಕೇಂದ್ರ ಇರುವುದು ಅಜ್ಜಂಪುರದಲ್ಲೇ. ಮೈಸೂರು ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಇಟ್ಟ ಹೆಸರು ಅಮೃತಮಹಲ್. ಹಾಲಿಗಾಗಿ ಸಾಕಿದ ದನ ಆಮೇಲೆ ಫಿರಂಗಿ ಎಳೆದು ಹೆಸರು ಮಾಡಿತು. ಆ ದನದ ಅಂದವೆಲ್ಲ ಕೊಂಬಿನಲ್ಲಿ: ಬುಡದಲ್ಲಿ ಹತ್ತಿರ ಹತ್ತಿರ ಹುಟ್ಟಿ, ಹಿಂದಕ್ಕೆ ಬಾಗಿ, ತುದಿಯಲ್ಲಿ ಮತ್ತೆ ಮೇಲೇಳುವ ಉದ್ದನೆಯ ಜೋಡಿ. ನಾನು ಚಿಕ್ಕವನಿದ್ದಾಗ ಸಂಕ್ರಾಂತಿಯ ಹಿಂದಿನ ದಿನ ದೊಡ್ಡಪ್ಪ ಇದೇ ಕೊಟ್ಟಿಗೆಯಲ್ಲಿ ಕೂತು ಗಾಜಿನ ಚೂರಿನಿಂದ ಕೊಂಬು ಹೆರೆಯುತ್ತಿದ್ದರು. ಸರ್ ಸರ್ ಎಂದು ಬುಡದಿಂದ ತುದಿಗೆ ಒಂದೇ ಎಳೆತ. ಸೀಳು ಸೀಳಾಗಿ ಒರಟಾಗಿದ್ದ ಮೇಲ್ಪದರ ಹಾಳೆ ಹಾಳೆಯಾಗಿ ಸುರುಳಿ ಸುತ್ತಿ ನೆಲಕ್ಕೆ ಬೀಳುತ್ತಿತ್ತು. ಒಳಗಿನಿಂದ ಕಪ್ಪು ಹೊಳಪು ಏಳುತ್ತಿತ್ತು. ಎತ್ತು ಕಣ್ಣು ಅರೆಮುಚ್ಚಿ ನಿಂತಿರುತ್ತಿತ್ತು, ಕ್ಷೌರಕ್ಕೆ ಕೂತ ಶಾನುಭೋಗರ ಹಾಗೆ. ಆಮೇಲೆ ಅಂಗೈಯಲ್ಲಿ ಹರಳೆಣ್ಣೆ ಸುರಿದುಕೊಂಡು ನೀವುವುದು. ಅದಾದ ಮೇಲೆ ಬಣ್ಣ, ಕೊಂಬಣಸು, ಗೆಜ್ಜೆ.

‘ವರ್ಷಾ ವರ್ಷಾ ಹೆರೀಬಾರ್ದು ಕಣಪ್ಪಾ’ ಎಂದರು ದೊಡ್ಡಪ್ಪ. ‘ಹೆರೆದಿದ್ದು ವಾಪಸ್ ಬರಲ್ಲ. ಆಳಕ್ಕೆ ಹೋದ್ರೆ ರಕ್ತ ಬರುತ್ತೆ. ಎಣ್ಣೆ ಮಾತ್ರ ಎಷ್ಟು ಸಲ ಬೇಕಾದ್ರೂ ಹಚ್ಚು.’

ಕಾರಿಗೂ ರಕ್ತ ಬರುವ ಆಳ ಒಂದಿದೆ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಅದರ ಮೇಲೆ ಕ್ಲಿಯರ್ ಕೋಟ್ ಎಂಬ ಗಾಜಿನಂಥ ಪದರ. ಎಲ್ಲ ಸೇರಿ ನೂರಕ್ಕೂ ಸ್ವಲ್ಪ ಹೆಚ್ಚು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಕ್ಲಿಯರ್ ಕೋಟ್ ಅದರಲ್ಲಿ ಸುಮಾರು 40 ಮೈಕ್ರಾನ್. ನಮ್ಮ ತಲೆಗೂದಲೇ ಹೆಚ್ಚುಕಡಿಮೆ 70 ಮೈಕ್ರಾನ್ ದಪ್ಪ ಇರುತ್ತದೆ. ನಾನು ಬಗ್ಗಿ ಬಗ್ಗಿ ಉಜ್ಜುತ್ತಿದ್ದ ಹೊಳಪೆಲ್ಲ ಒಂದು ಕೂದಲಿಗಿಂತ ತೆಳ್ಳಗೆ. ಬಿಸಿಲಿನ ಏಟನ್ನು ತಡೆಯುವುದೂ ಆ ಪದರವೇ. ಯಾರದೋ ಮದುವೆ, ಯಾವುದೋ ಹಬ್ಬ ಎಂದು ರಬ್ಬಿಂಗ್ ಕಾಂಪೌಂಡ್ ಹೊಡೆಸುತ್ತಾ ಹೋದರೆ ಒಂದು ದಿನ ಅದು ಮುಗಿದುಹೋಗಿ, ಬಾನೆಟ್ಟು ಬಾಳೆಎಲೆ ಸುಲಿದ ಹಾಗೆ ಹೊಪ್ಪಳೆ ಏಳುತ್ತದೆ.

ಹಿಂದಿನ ಕಾರುಗಳಲ್ಲಿ ಈ ಮೋಸ ಇರಲಿಲ್ಲ. ಅಂಬಾಸಿಡರ್ ಇತ್ತಲ್ಲ, ಉತ್ತರಪಾರಾದ ಕಾರ್ಖಾನೆಯಿಂದ 1957ರ ಸುಮಾರಿಗೆ ಹೊರಟು 2014ರವರೆಗೆ ಬಂದದ್ದು, ಅದರ ಹಳೆಯ ಗಾಡಿಗಳಿಗೆ ಬಣ್ಣವೇ ಮೇಲಿನ ಪದರ. ಸಾಹೇಬರ ಬಿಳಿ ಕಾರಿಗೆ ಡ್ರೈವರಣ್ಣ ಪಾಲಿಶ್ ಹೊಡೆದರೆ ಬಟ್ಟೆಗೂ ಬಿಳಿ ಹತ್ತುತ್ತಿತ್ತು, ಕರಿ ಕಾರಿಗೆ ಕರಿ. ಹೋದದ್ದು ಎಷ್ಟು ಎಂದು ಬಟ್ಟೆ ಹಿಡಿದು ಹೇಳಬಹುದಾಗಿತ್ತು. ಈಗ ಹೋಗುವುದು ಬಣ್ಣವಿಲ್ಲದ್ದು. ಹೋದದ್ದೇ ಗೊತ್ತಾಗುವುದಿಲ್ಲ.

ನಾನು ಕೈ ಹಗುರ ಮಾಡಿದೆ. ಆಳದ ಗೀರುಗಳನ್ನು ಹಾಗೇ ಬಿಟ್ಟೆ. ಉಗುರು ಆಡಿಸಿದಾಗ ಉಗುರಿಗೆ ತಡೆದರೆ ಅದು ಪಾಲಿಶ್‌ಗೆ ಬಗ್ಗುವ ಗೀರಲ್ಲ. ಅಂಥವು ಎರಡಿದ್ದವು: ಒಂದು ಮಾರಿದವನ ಕಾಲದ್ದು, ಇನ್ನೊಂದು ನಾನು ಬೇಲಿಯ ಕಳ್ಳಿಗೆ ಒರೆಸಿದ್ದು. ಎರಡನೆಯದನ್ನೂ ಮಾರಿದವನ ಲೆಕ್ಕಕ್ಕೇ ಬರೆದಿದ್ದೇನೆ.

ಎರಡನೆಯ ದಿನ ಮೇಣ. ಡಬ್ಬಿಯ ಮೇಲೆ ಕಾರ್ನೌಬಾ ಎಂದಿತ್ತು. ಇದು ಬ್ರೆಜಿಲಿನ ಈಶಾನ್ಯದ ಒಣಸೀಮೆಯಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರದ ಮೇಣ. ಉರಿಬಿಸಿಲಿನಲ್ಲಿ ಎಲೆಯೊಳಗಿನ ನೀರು ಆರಿಹೋಗದಿರಲೆಂದು ಆ ಮರ ತನ್ನ ಗರಿಗೆ ತಾನೇ ಮೇಣ ಬಳಿದುಕೊಳ್ಳುತ್ತದೆ. ಗರಿ ಕೊಯ್ದು, ಒಣಗಿಸಿ, ಬಡಿದರೆ ಪುಡಿ ಉದುರುತ್ತದೆ. ನಮ್ಮ ಕಣದಲ್ಲಿ ರಾಗಿ ಬಡಿದ ಹಾಗೆಯೇ. ಜೇನುಮೇಣ 62–64 ಡಿಗ್ರಿಗೆ ಕರಗಿಬಿಡುತ್ತದೆ, ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನ ಮೇಲೆ ಅದರ ಆಟ ನಡೆಯುವುದು ಕಷ್ಟ. ಕಾರ್ನೌಬಾ ಕರಗಲು 80 ದಾಟಬೇಕು. ನಮ್ಮ ಮಾತ್ರೆಗಳಿಗೆ, ಮಕ್ಕಳು ತಿನ್ನುವ ಮಿಠಾಯಿಗಳಿಗೆ ಮೆರುಗು ಕೊಡುವುದೂ ಇದೇ ಮೇಣ. ದೊಡ್ಡಪ್ಪನ ಬಿ.ಪಿ. ಮಾತ್ರೆಯ ಮೇಲೂ ಇದ್ದರೂ ಇರಬಹುದು ಎಂದೆ. ಅವರು ಆವತ್ತಿಡೀ ಮಾತ್ರೆಯನ್ನು ಅನುಮಾನದಿಂದ ನೋಡಿದರು.

ಮೇಣವನ್ನು ತೆಳ್ಳಗೆ ಹಚ್ಚಬೇಕು, ಮಂಜು ಕವಿದಂತಾದ ಮೇಲೆ ಒರೆಸಬೇಕು. ನಾವು ಹೋಳಿಗೆಗೆ ತುಪ್ಪ ಹಾಕಿ ಬೆಳೆದ ಜನ. ತೆಳ್ಳಗೆ ಎಂದರೆ ಕೈ ಕೇಳುವುದಿಲ್ಲ. ದಪ್ಪಕ್ಕೆ ಹಚ್ಚಿ, ಆರಲೆಂದು ಅಂಗಳಕ್ಕೆ ತಳ್ಳಿದೆ. ಅಂಗಳದಲ್ಲಿ ಆಗ ತಾನೇ ಕಿತ್ತು ತಂದ ಈರುಳ್ಳಿ ಹರಡಿತ್ತು. ಅಜ್ಜಂಪುರದ ಕಡೆ ಆ ಕಾಲಕ್ಕೆ ಯಾವ ಅಂಗಳ ನೋಡಿದರೂ ಈರುಳ್ಳಿಯೇ. ಒಂದೇ ಒಂದು ಗಾಳಿ ಬೀಸಿತು. ಈರುಳ್ಳಿಯ ಒಣಸಿಪ್ಪೆಯೆಲ್ಲ ಎದ್ದು ಬಂದು ಕಾರಿನ ಹಸಿಮೇಣಕ್ಕೆ ಕೂತಿತು. ನೀಲಿ ಕಾರು ಗುಲಾಬಿ ಪಕಳೆ ಚೆಲ್ಲಿದ ರಥದಂತೆ ನಿಂತಿತ್ತು. ನೋಡಲು ಚೆನ್ನಾಗಿಯೇ ಇತ್ತು, ಆ ಮಾತು ಬೇರೆ. ಬಿಸಿಲಿಗೆ ಮೇಣ ಗಟ್ಟಿಯಾಗಿ, ಸಿಪ್ಪೆ ಒಂದೊಂದಾಗಿ ಬಿಡಿಸಿ, ಬಿಳಿ ಕಲೆ ತಿಕ್ಕಿ ತೆಗೆಯುವಷ್ಟರಲ್ಲಿ ಸಂಜೆಯಾಯಿತು. ನನ್ನಾಕೆ ಕಾಫಿ ತಂದಿಟ್ಟು, ‘ಒಂದು ಗಂಟೆ ಕೆಲಸ’ ಎಂದಷ್ಟೇ ಹೇಳಿ ಹೋದಳು.

ಆದರೆ ಹೊಳಪು ಬಂದಿತ್ತು. ದೊಡ್ಡಪ್ಪ ಚೊಂಬಿನಿಂದ ನಾಲ್ಕು ಹನಿ ಬಾನೆಟ್ಟಿನ ಮೇಲೆ ಚಿಮುಕಿಸಿದರು. ಹನಿಗಳು ಹರಡದೆ ಗುಂಡಗೆ ಕೂತವು. ಬೆರಳಿನಿಂದ ಒಂದನ್ನು ದೂಡಿದರು, ಅದು ಉರುಳಿ ಇನ್ನೊಂದನ್ನು ಸೇರಿಸಿಕೊಂಡು ಕೆಳಗೆ ಜಾರಿತು. ‘ಕೆಸವಿನ ಎಲೆ’ ಎಂದರು. ಸರಿಯಾದ ಮಾತು. ಕೆಸವಿನ ಎಲೆಯ ಮೇಲಿರುವುದೂ ಮೇಣವೇ. ಎಂಬತ್ತರ ಆ ಮುದುಕರು ಮಗುವಿನ ಹಾಗೆ ಇಡೀ ಚೊಂಬು ಖಾಲಿ ಮಾಡಿದರು. ಬೋರ್‌ವೆಲ್ ನೀರು, ಚುಕ್ಕೆ ಬೀಳುತ್ತದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮರುದಿನ ಆಯುಧಪೂಜೆ. ಕುಂಕುಮವನ್ನು ಗಾಜಿನ ಮೇಲಿಡಿ, ನಂಬರ್ ಪ್ಲೇಟಿನ ಮೇಲಿಡಿ, ಬಣ್ಣದ ಮೇಲೆ ಬೇಡ ಎಂದು ನಾನು ಮನೆಯವರಿಗೆಲ್ಲ ಬೇಡಿಕೊಂಡಿದ್ದೆ. ಅಮ್ಮ ಬಂದಳು. ಬಾನೆಟ್ಟಿನ ನಟ್ಟನಡುವೆ ಮೂರು ಬೆರಳಿನ ವಿಭೂತಿ ಎಳೆದು, ಕೆಳಗೆ ರೂಪಾಯಿಯಗಲ ಒದ್ದೆ ಕುಂಕುಮ ಇಟ್ಟು, ‘ಹಣೇಗಿಡ್ದೆ ಇನ್ನೆಲ್ಲಿಗಿಡ್ತಾರೋ?’ ಎಂದಳು. ಇದಕ್ಕೆ ಯಾವ ಡಬ್ಬಿಯ ಮೇಲೂ ಉತ್ತರ ಬರೆದಿಲ್ಲ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದು, ಬೆಟ್ಟದ ಸಿದ್ಧಲಿಂಗಸ್ವಾಮಿಯ ಕಡೆ ತಿರುಗಿ ಕೈಮುಗಿದು ಊರೊಳಗೆ ಒಂದು ಸುತ್ತು ಬಂದೆ. ಕುಂಕುಮದ ಗುರುತು ಇವತ್ತಿಗೂ ಇದೆ, ಓರೆಯಾಗಿ ನೋಡಿದರೆ ಕಾಣುತ್ತದೆ. ಅದನ್ನು ಹೆರೆಯಲು ಮನಸ್ಸಾಗಲಿಲ್ಲ.

ಮಾಘದಲ್ಲಿ ಅಜ್ಜಂಪುರದಲ್ಲೊಂದು ಮದುವೆ. ಅಷ್ಟರಲ್ಲಿ ಮೇಣವೂ ಸವೆದಿತ್ತು, ದಾರಿಯುದ್ದಕ್ಕೂ ಕೆಮ್ಮಣ್ಣೂ ಎದ್ದಿತ್ತು. ಎರಡನೇ ಪಂಕ್ತಿಗೆ ಕೂತಿದ್ದೆವು. ಛತ್ರದ ಹುಡುಗನೊಬ್ಬ ಬಾಗಿಲಲ್ಲಿ ನಿಂತು, ‘ಕೆಂಪು ಕಾರ್ನೋರು ಯಾರ್ರೀ, ಗಾಡಿ ಅಡ್ಡ ಐತೆ, ತೆಗೀರಿ!’ ಎಂದು ಕೂಗಿದ. ಎರಡನೇ ಸಲ ಕೂಗಿದ. ಎಂಥ ಬೇಜವಾಬ್ದಾರಿ ಜನ ಇರುತ್ತಾರಪ್ಪ ಎಂದು ಪಕ್ಕದವರಿಗೆ ಹೇಳಿ, ನಾನು ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡೆ. ಮೂರನೇ ಸಲ ಅವನು ನಂಬರ್ ಓದಿದ.