ಮುಪ್ಪು ರೋಗವಲ್ಲ ಸ್ವಾಮಿ

ಸ್ಲಾಕ್‌ವೇರ್ ಲಿನಕ್ಸ್ ಎಂಬ ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆ ಎಂದರೆ ಶಿವಮೊಗ್ಗದ ಪಡ್ಡೆ ಹುಡುಗರು ‘ಅಯ್ಯೋ, 1993ರ ಸಾಮಾನು’ ಎಂದು ಮೂಗು ಮುರಿದಾರು. ಆದರೆ ಹಳತಾದದ್ದೆಲ್ಲ ಕೆಟ್ಟದ್ದಲ್ಲ: 1923ರಲ್ಲಿ ಕುಲುಮೆ ಹೊತ್ತಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸೊರಗಿದ್ದು ಬರೀ ಮುಪ್ಪಿನಿಂದಲ್ಲ. ಸ್ವಂತ ಅದಿರು ಗಣಿಯಿಲ್ಲದೆ ಪರರ ಕೈ ನೋಡಬೇಕಾಗಿ ಬಂದದ್ದರಿಂದ. ಸ್ಲಾಕ್‌ವೇರ್‌ಗೆ ಈ ಪರಾವಲಂಬನೆಯ ಚಿಂತೆಯೇ ಇಲ್ಲ: ಒಂದು ತಂತ್ರಾಂಶಕ್ಕೆ ಜೊತೆಗೆ ಇನ್ನೇನು ಬೇಕೆಂದು ಅದು ಕೇಳುವುದೂ ಇಲ್ಲ, ತಂದುಕೊಡುವುದೂ ಇಲ್ಲ. ‘ಹಾಗಾದರೆ ಹುಡುಕಾಟ ನಮ್ಮ ತಲೆಗೇ ಬಿತ್ತಲ್ಲ?’ ಬಿತ್ತು. ಆದರೆ ಪೂರ್ತಿ ಇನ್‌ಸ್ಟಾಲ್ ಮಾಡಿದರೆ ಬೇಕಾದದ್ದು ಬಹುಪಾಲು ಮೊದಲೇ ಬಂದು ಕೂತಿರುತ್ತದೆ. ಮೇಲಾಗಿ, ಯಂತ್ರ ಏಳುವಾಗಿನ ವಿಧಿವಿಧಾನಗಳೆಲ್ಲ ಓದಬಲ್ಲ ಪಠ್ಯ ಕಡತಗಳಲ್ಲೇ ಇವೆ. ಬೇಡದ ಸೇವೆಯ ಕಡತದಿಂದ ಚಾಲನೆಯ ಅನುಮತಿ ಕಿತ್ತರೆ ಸಾಕು, ಮುಂದಿನ ಸಲ ಅದು ಮಿಸುಕಾಡುವುದಿಲ್ಲ. ಇದರ ಕರ್ತೃ ಪ್ಯಾಟ್ರಿಕ್ ವೋಲ್ಕರ್ಡಿಂಗ್ 14.2 ಆವೃತ್ತಿಯ ನಂತರ 15.0 ಕೊಡಲು 2016ರಿಂದ 2022ರವರೆಗೆ ಕಾಯಿಸಿದ್ದು ನಿಜ. ಭದ್ರತಾ ತೇಪೆಗಳನ್ನು ಮಾತ್ರ ನಡುವೆ ತಪ್ಪಿಸಲಿಲ್ಲ.