ಬಿಲ್ಲೇರದ ಗೊರವಯ್ಯ

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆ ಜಾತ್ರೆಗೆ ನೆರೆದ ಲಕ್ಷಾಂತರ ಜನ, ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದ ಕೂಡಲೇ ಉಸಿರು ಬಿಗಿಹಿಡಿಯುತ್ತಾರೆ. ಅವನು ನುಡಿಯುವ ಕಾರ್ಣಿಕ ಒಂದೇ ಸಾಲು. ಅದು ಮಳೆಯ ಮಾತೋ, ಬೆಳೆಯ ಮಾತೋ, ಬೆಂಗಳೂರಿನ ಕುರ್ಚಿಯ ಮಾತೋ ಎಂದು ಕೂಡ್ಲಿಗಿ, ಹರಪನಹಳ್ಳಿಯ ಚಹಾದಂಗಡಿಗಳು ಮುಂದಿನ ಜಾತ್ರೆಯವರೆಗೂ ಅರ್ಥ ಹಚ್ಚುತ್ತಿರುತ್ತವೆ. ಮಾತು ಫಲಿಸಲಿಲ್ಲವೆಂದು ಗೊರವಯ್ಯನನ್ನು ಬೈದವರಿಲ್ಲ. ನಾವು ಅರ್ಥ ಮಾಡಿಕೊಂಡದ್ದೇ ತಪ್ಪು ಎಂದು ಸುಮ್ಮನಾಗುತ್ತಾರೆ. ಅದೇ ಜನ ಟಿವಿ ಮುಂದೆ ಕೂತರೆ ಸಾಕು, ಎಲ್‌ಬಿಡಬ್ಲ್ಯೂಗೆ ಬೆರಳೆತ್ತಿದ ಅಂಪೈರನ ಏಳು ತಲೆಮಾರನ್ನು ಜಾಲಾಡುತ್ತಾರೆ. ಎಲ್‌ಬಿ ಎಂದರೇನು? ಕಾಲು ಅಡ್ಡ ಬಾರದಿದ್ದರೆ ಚೆಂಡು ಎಲ್ಲಿಗೆ ಹೋಗುತ್ತಿತ್ತು ಎಂದು ಹೇಳುವುದು. ನಡೆಯದೇ ಹೋದದ್ದನ್ನು ನುಡಿಯುವುದು. ಅದೂ ಕಾರ್ಣಿಕವೇ. ಗೊರವಯ್ಯನಾದರೆ ದಿನಗಟ್ಟಲೆ ಉಪವಾಸವಿದ್ದು ನುಡಿಯುತ್ತಾನೆ. ಅಂಪೈರ್ ಬೌಲರನ ಟೋಪಿ, ಸ್ವೆಟರುಗಳನ್ನು ಹೊತ್ತು, ಹನ್ನೊಂದು ಜನ ಕಿವಿಯಲ್ಲಿ ಅರಚುತ್ತಿರುವಾಗ, ಕಣ್ಣು ಮಿಟುಕಿಸುವುದರೊಳಗೆ ನುಡಿಯಬೇಕು. ಅವನಿಗೆ ‘ಸದ್ದಲೇ’ ಎನ್ನುವ ಅಧಿಕಾರವೂ ಇಲ್ಲ.

ಅಂಪೈರ್ ಕೆಟ್ಟವನು ಎಂದು ಅಭಿಮಾನಿ ಹೇಳುವಾಗ, ಹೆಚ್ಚಿನ ಸಲ ಆ ಮಾತಿಗೆ ‘ನಮಗೆ’ ಎಂಬ ಪದ ಸೇರಿಸಿ ಓದಿಕೊಳ್ಳಬೇಕೆಂಬುದು ನನ್ನ ವಾದ. 1999ರ ಫೆಬ್ರುವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು ಅನಿಲ್ ಕುಂಬ್ಳೆ 74 ರನ್ನಿಗೆ ಕಿತ್ತರಲ್ಲ, ಅದರಲ್ಲಿ ಮೂರು ಎಲ್‌ಬಿ. ಆ ಪಂದ್ಯದ ಅಂಪೈರ್‌ಗಳಲ್ಲಿ ಒಬ್ಬರು ನಮ್ಮ ಕರ್ನಾಟಕದವರೇ ಆದ ಎ.ವಿ. ಜಯಪ್ರಕಾಶ್. ಮೊದಲ ವಿಕೆಟ್ಟಾಗಿ ಹೋದ ಅಫ್ರಿದಿ, ಚೆಂಡು ಬ್ಯಾಟಿಗೆ ತಾಗೇ ಇಲ್ಲವೆಂದು ಮುಖ ಗಂಟಿಕ್ಕಿಕೊಂಡೇ ನಡೆದ. ಅಂದು ನಮ್ಮ ತಾಲ್ಲೂಕುಗಳಲ್ಲಿ ಒಬ್ಬನಾದರೂ ‘ಪಾಪ, ಅವನದೂ ಒಂದು ಸಲ ನೋಡಬೇಕಿತ್ತು’ ಅಂದನೆ? ಹತ್ತನೆಯದು ಕುಂಬ್ಳೆಗೇ ಸಿಗಲೆಂದು ಶ್ರೀನಾಥ್ ಆ ಕಡೆಯಿಂದ ಸ್ಟಂಪು ಬಿಟ್ಟು ದೂರ ದೂರ ಎಸೆಯುತ್ತಿದ್ದುದನ್ನು ನಾವು ಇವತ್ತಿಗೂ ಕಣ್ಣು ತುಂಬಿಕೊಂಡು ಹೇಳುತ್ತೇವೆ. ಎದುರಾಳಿ ಬೌಲರ್ ಹಾಗೆ ಮಾಡಿದ್ದರೆ ಅದಕ್ಕೆ ನಾವು ಇಡುತ್ತಿದ್ದ ಹೆಸರೇ ಬೇರೆ.

ಹಾಗಾದರೆ ತೀರ್ಪನ್ನು ಆಟ ಬಲ್ಲವರ ಕೈಗೇ ಕೊಟ್ಟುಬಿಡಿ ಎನ್ನಬಹುದು. ಕೊಟ್ಟು ನೋಡಿದ್ದೂ ಆಗಿದೆ. 2008ರಲ್ಲಿ ಶ್ರೀಲಂಕಾದಲ್ಲಿ ಅಂಪೈರ್ ತೀರ್ಪನ್ನು ಯಂತ್ರದೆದುರು ಪ್ರಶ್ನಿಸಲು ಆಟಗಾರರಿಗೇ ಬಿಡುವ ಡಿಆರ್‌ಎಸ್‌ನ ಪ್ರಯೋಗ ಮೊದಲ ಬಾರಿಗೆ ನಡೆದಾಗ ನಮ್ಮ ಕ್ಯಾಪ್ಟನ್ ಕುಂಬ್ಳೆಯೇ. ಸೆಹ್ವಾಗ್, ದ್ರಾವಿಡ್, ತೆಂಡುಲ್ಕರ್, ಲಕ್ಷ್ಮಣ್, ಗಂಗೂಲಿ ಎಲ್ಲರೂ ಇದ್ದರು. ಅಷ್ಟು ಜನ ಮಹಾರಥಿಗಳು ಕೂಡಿ ಮೂರು ಟೆಸ್ಟುಗಳಲ್ಲಿ ಗೆದ್ದ ಮೇಲ್ಮನವಿ 1. ಶ್ರೀಲಂಕಾದವರದು 11. ತನ್ನ ಕಾಲಿಗೆ ಬಡಿದ ಚೆಂಡು ಎಲ್ಲಿ ಬಡಿಯಿತೆಂಬುದು ಬ್ಯಾಟ್ಸ್‌ಮನ್‌ಗೇ ಗೊತ್ತಿರುವುದಿಲ್ಲ. ಬೌಲರನಿಗಂತೂ ಬಡಿದದ್ದೆಲ್ಲ ಔಟೇ. ಭಾರತದ ಕ್ರಿಕೆಟ್ ಮಂಡಳಿ ಮಾಡಿದ್ದೇನೆಂದರೆ, ಆ ಯಂತ್ರವೇ ಸರಿಯಿಲ್ಲ ಎಂದು 2016ರವರೆಗೆ ಹೆಚ್ಚಿನ ಸರಣಿಗಳಲ್ಲಿ ಅದರ ಸಹವಾಸ ಒಲ್ಲೆನೆಂದದ್ದು. ಕುಣಿಯಲಾರದವಳಿಗೆ ನೆಲ ಡೊಂಕು. ಕೊನೆಗೆ ಇಂಗ್ಲೆಂಡ್ ವಿರುದ್ಧ ಅದನ್ನು ಒಪ್ಪಿಕೊಂಡಾಗ ತಂಡದ ಕೋಚ್ ಯಾರು? ಮತ್ತೆ ಕುಂಬ್ಳೆಯೇ. ಅಷ್ಟೂ ಮಾಡಿ ಆ ಯಂತ್ರ ಕೂಡ, ಚೆಂಡು ಸ್ಟಂಪಿಗೆ ಸವರಿಕೊಂಡು ಹೋಗುವಂತಿದ್ದರೆ ‘ಅಂಪೈರ್ ಹೇಳಿದ್ದೇ ಸರಿ’ ಎಂದು ಕೈ ತೊಳೆದುಕೊಳ್ಳುತ್ತದೆ.

ಇಷ್ಟು ಹೇಳುವಷ್ಟರಲ್ಲಿ ಕೊಟ್ಟೂರಿನ ಮಿರ್ಚಿ-ಮಂಡಕ್ಕಿಯ ಪೊಟ್ಟಣ ಹಿಡಿದವರೊಬ್ಬರು ‘ಸಿಡ್ನಿ?’ ಎಂದು ಕೇಳಿಯೇ ಕೇಳುತ್ತಾರೆ. ಕೇಳಬೇಕಾದ್ದೇ. 2008ರ ಜನವರಿಯ ಸಿಡ್ನಿ ಟೆಸ್ಟಿಗೆ ನನ್ನ ಬಳಿ ವಕಾಲತ್ತಿಲ್ಲ. ಆಸ್ಟ್ರೇಲಿಯಾದ ಸೈಮಂಡ್ಸ್ 30 ರನ್ ಗಳಿಸಿದ್ದಾಗ ಇಶಾಂತ್ ಚೆಂಡು ಬ್ಯಾಟಿಗೆ ಸವರಿ ಧೋನಿಯ ಕೈ ಸೇರಿದ ಸದ್ದು ಟಿವಿ ನೋಡಿದವರಿಗೆಲ್ಲ ಕೇಳಿಸಿತು, ಅಂಪೈರ್ ಬಕ್ನರ್‌ಗೆ ಮಾತ್ರ ಕೇಳಿಸಲಿಲ್ಲ. ಆಸಾಮಿ 162 ಹೊಡೆದು ಔಟಾಗದೆ ಉಳಿದ. ಕೊನೆಯ ದಿನ ದ್ರಾವಿಡ್ ಪ್ಯಾಡಿನ ಹಿಂದೆ ಬ್ಯಾಟು ಬಚ್ಚಿಟ್ಟುಕೊಂಡು ನಿಂತಿದ್ದರೂ ಕೀಪರ್ ಕ್ಯಾಚಿಗೆ ಬೆರಳು ಎದ್ದಿತು. ಇನ್ನೊಬ್ಬ ಅಂಪೈರ್ ಬೆನ್ಸನ್, ಗಂಗೂಲಿಯ ಕ್ಯಾಚು ಸರಿಯಾಗಿ ಹಿಡಿದಿದ್ದಾರೋ ಇಲ್ಲವೋ ಎಂದು ಹಿಡಿದವರ ಕ್ಯಾಪ್ಟನ್ನನ್ನೇ ಕೇಳಿದರು, ಬೆಕ್ಕನ್ನು ಕರೆದು ಹಾಲಿನ ಲೆಕ್ಕ ಕೇಳಿದ ಹಾಗೆ. ಇದು ಕಾರ್ಣಿಕ ತಪ್ಪಿದ್ದಲ್ಲ, ಕಣ್ಣು ಕಿವಿ ತಪ್ಪಿದ್ದು, ಬೈಯಲೇಬೇಕು. ಆದರೆ ಒಳ್ಳೆಯ ಆಟಗಾರರು ಬೈಗುಳದಲ್ಲೇ ಉಳಿಯಲಿಲ್ಲ. ಬಕ್ನರ್ ಮುಂದಿನ ಟೆಸ್ಟಿನಿಂದ ಹೊರಗುಳಿದದ್ದು ಒಂದು ಕಡೆಗಿರಲಿ. ಆ ಪರ್ತ್ ಟೆಸ್ಟಿನಲ್ಲಿ ದ್ರಾವಿಡ್ 93 ಹೊಡೆದರು, ಭಾರತ 72 ರನ್ನಿಂದ ಗೆದ್ದಿತು. ಕುಂಬ್ಳೆಯ 600ನೇ ವಿಕೆಟ್ಟಾಗಿ ಬಿದ್ದವನು ಅದೇ ಸೈಮಂಡ್ಸ್, ಕ್ಯಾಚು ಹಿಡಿದದ್ದು ಅದೇ ದ್ರಾವಿಡ್. ಯಾವ ಥರ್ಡ್ ಅಂಪೈರ್ ಕೂತು ಬರೆದರೂ ಇಷ್ಟು ಅಚ್ಚುಕಟ್ಟಾದ ತೀರ್ಪು ಬರೆಯಲಾರ.

ಜಿ.ಆರ್. ವಿಶ್ವನಾಥ್ ಇನ್ನೂ ಒಂದು ಹೆಜ್ಜೆ ಮುಂದೆ. 1980ರ ಫೆಬ್ರುವರಿಯಲ್ಲಿ ಮುಂಬೈನ ಜ್ಯೂಬಿಲಿ ಟೆಸ್ಟಿನಲ್ಲಿ ಇಂಗ್ಲೆಂಡ್ ಐದು ವಿಕೆಟ್ಟಿಗೆ 58. ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು, ಆತ ತಾಗಿಲ್ಲ ಎಂದು ನಿಂತೇ ಇದ್ದ. ಕ್ಯಾಪ್ಟನ್ ವಿಶ್ವನಾಥ್ ವಾಪಸ್ ಕರೆಸಿದರು. ಆತ ಬೋಥಮ್ ಜೊತೆ 171 ರನ್ ಸೇರಿಸಿದ; ನಾವು ಹತ್ತು ವಿಕೆಟ್ಟಿನಿಂದ ಸೋತೆವು. ‘ಧರ್ಮಕ್ಕೆ ಹೋಗಿ ಮ್ಯಾಚ್ ಕಳಕೊಂಡ್ರು’ ಎಂದು ಗೊಣಗುವವರು ಈಗಲೂ ಇದ್ದಾರೆ. ಅವರ ಲೆಕ್ಕ ಸರಿಯೇ. ಆದರೆ ನಲವತ್ತು ವರ್ಷ ಕಳೆದ ಮೇಲೂ ಅವರು ಗೊಣಗುತ್ತಿರುವುದು ಆ ಒಂದು ಮ್ಯಾಚಿನ ಬಗ್ಗೆಯೇ, ಆ ಕಾಲದಲ್ಲಿ ಗೆದ್ದ ಮ್ಯಾಚುಗಳಲ್ಲಿ ಎಷ್ಟು ಅವರಿಗೆ ನೆನಪಿವೆ?

ನಮ್ಮ ಕಡೆಯ ಹುಡುಗರು ಈ ತಂಟೆಯನ್ನೇ ಬುಡಸಮೇತ ಕಿತ್ತಿದ್ದಾರೆ. ನೀರು ಬತ್ತಿದ ಕೆರೆಯಂಗಳದಲ್ಲೋ, ಜೋಳ ಕೊಯ್ದ ಹೊಲದಲ್ಲೋ ನಡೆಯುವ ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲಿ ಎಲ್‌ಬಿಯೇ ಇಲ್ಲ. ಅಂಪೈರ್ ಬ್ಯಾಟಿಂಗ್ ಮಾಡುವವರ ಕಡೆಯವನೇ. ಅವನು ಪಕ್ಷಪಾತಿಯೆಂದು ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ ಯಾರಿಗೂ ನಿರಾಶೆಯಿಲ್ಲ. ಜಗಳವಿಲ್ಲವೆಂದಲ್ಲ, ‘ಟಚ್ ಆಗೈತಿ, ಸೌಂಡ್ ಬಂತಲ್ಲೋ!’ ‘ಏ, ಅದು ಪ್ಯಾಂಟಿಂದಲೇ!’ ಎಂಬುದು ಹೊತ್ತು ಮುಳುಗುವವರೆಗೂ ನಡೆಯುತ್ತದೆ. ಮೇಲ್ಮನವಿಯೇನು ನಮಗೆ ಅಭ್ಯಾಸವಿಲ್ಲದ್ದೆ? 1997ರಲ್ಲಿ ದಾವಣಗೆರೆಗೆ ಹೋದ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಇಷ್ಟು ರಿವ್ಯೂ ಯಾವ ಬ್ಯಾಟ್ಸ್‌ಮನ್‌ಗೂ ಸಿಕ್ಕಿಲ್ಲ. ಕೆರೆಯಂಗಳದ ಅಂಪೈರ್ ಸಾಮಾನ್ಯವಾಗಿ ಮೊದಲು ಔಟಾದ ಹುಡುಗ. ಬಲಗೈಯಲ್ಲಿ ಆರು ಹರಳು, ಒಂದು ಬಾಲಿಗೆ ಒಂದರಂತೆ ಎಡಗೈಗೆ. ಜಗಳ ಜೋರಾದಾಗ ಎರಡೂ ಕೈ ಬೀಸಿ ಮಾತಾಡುತ್ತಾನೆ, ಹರಳು ನೆಲಕ್ಕೆ ಬೀಳುತ್ತವೆ. ಆಮೇಲೆ ಕೀಪರ್ ‘ಎಷ್ಟು ಬಾಲ್ ಆತು?’ ಅನ್ನುತ್ತಾನೆ. ಬೌಲರ್ ಐದು ಅನ್ನುತ್ತಾನೆ, ಬ್ಯಾಟ್ಸ್‌ಮನ್ ಮೂರು.