ಕಟ್ಟಿದಾಂವ ಜಕಣಾಚಾರಿ

ಹಳಿಯಾಳದಲ್ಲಿ ನೆಂಟರಿದ್ದವರಿಗೆ ದಾಂಡೇಲಿಯಲ್ಲಿ ರಾಫ್ಟಿಂಗ್ ಮುಗಿಸಿ ನೆಟ್ಟಗೆ ಊರಿಗೆ ಮರಳುವ ಯೋಗವಿಲ್ಲ. ಅಲ್ಲಿ ಓಣಿಗೊಬ್ಬ ಕಾಕಾ ಇರುತ್ತಾರೆ. ಪೇಪರ್ ಮಿಲ್ಲಿನಿಂದಲೋ ಸೊಸೈಟಿಯಿಂದಲೋ ಸಾಲಿಯಿಂದಲೋ ನಿವೃತ್ತರು. "ನೀರಾಗ ಒದ್ದಾಡೂದಕ್ಕ ಇಷ್ಟ ದೂರ ಬಂದ್ರೇನು? ನಾಳೆ ಐದಕ್ಕ ಎದ್ದು ತಯಾರಾಗ್ರಿ, ಗುಡಿ ತೋರಸ್ತೇನಿ" ಎಂದು ರಾತ್ರಿ ಊಟದ ಹೊತ್ತಿಗೇ ಆಜ್ಞೆ ಹೊರಡುತ್ತದೆ. ಬೆಳಗ್ಗೆ ನೋಡಿದರೆ ಗಾಡಿಯ ಮುಂದಿನ ಸೀಟಿನಲ್ಲಿ ಅವರಾಗಲೇ ಕೂತಿರುತ್ತಾರೆ. ತೊಡೆಯ ಮೇಲೆ ಕೈಚೀಲ, ಅದರೊಳಗೆ ಚುರಮುರಿ ಚೂಡಾ, ನೀರಿನ ಬಾಟಲಿ, ಗರ್ಭಗುಡಿಯ ಕತ್ತಲೆಗೆಂದು ಒಂದು ಬ್ಯಾಟರಿ.

ದೂರದ ಲೆಕ್ಕ ಕಾಕಾಗೆ ತಿಳಿಯದು. ಹಲಸಿ "ಇಲ್ಲೇ ಐತಿ". ಜೊಯಿಡಾದ ಕಾಡು ಹಾದು ಉಳವಿ "ಇಲ್ಲೇ ಐತಿ". ಶಿರಸಿಯನ್ನೂ ದಾಟಿ ಆಚೆಗಿರುವ ಬನವಾಸಿ ಮಾತ್ರ "ಸ್ವಲ್ಪ ಮುಂದ". ಇತಿಹಾಸವೂ ಹೀಗೆಯೇ, ಬಹಳ ಸಲೀಸು. ಅವರ ಭರತಖಂಡದಲ್ಲಿ ಕಟ್ಟಡ ಕಟ್ಟಿದವರು ಇಬ್ಬರೇ. ಕಲ್ಲು ಒರಟಾಗಿದ್ದರೆ ಪಾಂಡವರು, ನಯವಾಗಿದ್ದರೆ ಜಕಣಾಚಾರಿ.

ಹಲಸಿಯ ಭೂವರಾಹ ನರಸಿಂಹ ದೇವಸ್ಥಾನದಲ್ಲಿ ಎದುರುಬದುರು ಎರಡು ಗರ್ಭಗುಡಿಗಳಿವೆ. ಅಲ್ಲಿ ನಿಂತು ನನ್ನ ಹೆಂಡತಿ, "ಇದನ್ನು 12ನೇ ಶತಮಾನದಲ್ಲಿ ಗೋವೆಯ ಕದಂಬರು ಕಟ್ಟಿಸಿದ್ದಂತೆ, ಪುಸ್ತಕದಲ್ಲಿದೆ" ಎಂದಳು. ಕಾಕಾ ಒಂದಿಷ್ಟೂ ಅಳುಕಲಿಲ್ಲ. "ಬರೋಬ್ಬರಿ ಐತಿ ನೋಡ್ರಿ. ಕಟ್ಟಿಸಿದವರು ಅವರು. ಕಟ್ಟಿದಾಂವ ಜಕಣಾಚಾರಿ." ಇಂಥ ಮನುಷ್ಯನೊಡನೆ ವಾದ ಮಾಡಲು ಹೋಗಬಾರದು.

ಬನವಾಸಿಯ ಮಧುಕೇಶ್ವರನ ಮುಂದಿರುವ ನಂದಿ ಒಂದು ಕಣ್ಣಿನಲ್ಲಿ ಶಿವನನ್ನೂ ಇನ್ನೊಂದರಲ್ಲಿ ಪಾರ್ವತಿಯನ್ನೂ ನೋಡುತ್ತದೆಂದು ಅಲ್ಲಿ ಎಲ್ಲರೂ ಹೇಳುತ್ತಾರೆ. ಕೇಳಿ ತಲೆಯಾಡಿಸಿ ಮುಂದೆ ಹೋದರೆ ಕಾಕಾ ಬಿಡುವುದಿಲ್ಲ, ರುಜುವಾತು ಆಗಲೇಬೇಕು. "ಬಗ್ಗ್ರಿ. ಇನ್ನಷ್ಟು. ಗದ್ದ ನಂದಿ ಮಟ್ಟಕ್ಕ ಬರಬೇಕು. ಈಗ ಎಡಗಣ್ಣು ಮುಚ್ಚರಿ." ಸೊಂಟ ಹಿಡಿದುಕೊಂಡ ನನಗೆ ಶಿವನೂ ಕಾಣಲಿಲ್ಲ, ಪಾರ್ವತಿಯೂ ಕಾಣಲಿಲ್ಲ. ಕಂಡದ್ದು ಸರದಿಯಲ್ಲಿ ನಿಂತು ನಗುತ್ತಿದ್ದ ಹೈಸ್ಕೂಲು ಮಕ್ಕಳು. "ಕಂಡಿತಿಲ್ಲೋ?" "ಕಂಡಿತು ಕಾಕಾ" ಎಂದೆ. ಹಾಗೆನ್ನದೆ ಅಲ್ಲಿಂದ ಏಳುವಂತಿರಲಿಲ್ಲ.

ಇಷ್ಟೆಲ್ಲ ಬಲ್ಲ ಕಾಕಾ ತಡವರಿಸಿದ್ದು ಮುಂಡಗೋಡದ ಟಿಬೆಟನ್ ಮಠಗಳಲ್ಲಿ. ಲ್ಹಾಸಾದ ಬಳಿ 1409ರಲ್ಲಿ ಗಾಂದೆನ್ ಮಠ, 1416ರಲ್ಲಿ ಡ್ರೆಪುಂಗ್ ಮಠ ಹುಟ್ಟಿದವು. 1959ರ ನಂತರ ಅಲ್ಲಿಂದ ಪಾರಾಗಿ ಬಂದ ಭಿಕ್ಷುಗಳಲ್ಲಿ ಎಷ್ಟೋ ಮಂದಿ ಬಂಗಾಳದ ಬಕ್ಸಾ ಎಂಬಲ್ಲಿ, ಹಿಂದೊಮ್ಮೆ ಬ್ರಿಟಿಷರ ಜೈಲಾಗಿದ್ದ ಕಡೆ, ವರ್ಷಗಟ್ಟಲೆ ಕಳೆದರು. 1966ರಲ್ಲಿ ಮುಂಡಗೋಡದ ಕಾಡಿನಲ್ಲಿ ನಿರಾಶ್ರಿತರ ಕ್ಯಾಂಪು ಶುರುವಾಯಿತು. ಆಮೇಲೆ ಎರಡೂ ಮಠಗಳು ಇಲ್ಲಿ ಮತ್ತೆ ತಲೆಯೆತ್ತಿದವು. ಅಂದರೆ ಮಠ ಆರು ಶತಮಾನದ್ದು, ಕಟ್ಟಡ ಕಾಕಾಗಿಂತ ಚಿಕ್ಕದು. ಇಲ್ಲಿ ಜಕಣಾಚಾರಿಯನ್ನು ಎಲ್ಲಿ ತುರುಕುವುದು?

"ಇದೆಲ್ಲಾ ಮೊನ್ನೆ ಮೊನ್ನೆ ಆಗಿದ್ದು ಬಿಡ್ರಿ. ಅಪ್ಪನ ಜೋಡಿ ಸಂತೀಗೆ ಬಂದಾಗ ಬರೇ ತಗಡಿನ ಶೆಡ್ಡು. ಈ ಸ್ವಾಮಿಗಳು ಗೋವಿನಜೋಳದ ಹೊಲದಾಗ ಕಳೆ ತೆಗೀತಿದ್ರು" ಎಂದು ಚಪ್ಪಲಿ ಬಿಡುತ್ತಲೇ ಮುಗಿಸಿಬಿಟ್ಟರು. ಆ ಪ್ರವಾಸದಲ್ಲಿ ಅವರು ಹೇಳಿದ್ದರಲ್ಲಿ ಕಣ್ಣಾರೆ ಕಂಡದ್ದು ಇದೊಂದೇ. ಇನ್ನಷ್ಟು ಹೇಳಿ ಎಂದು ಗೋಗರೆದರೂ, "ಅದರಾಗೇನೈತಿ?" ಎಂದರು. ಎರಡು ಸಾವಿರ ವರ್ಷವಾದರೂ ಆಗದ ಸಂಗತಿ ನೆಂಟರ ಮುಂದೆ ಇಡಲು ಯೋಗ್ಯವಲ್ಲ!

ಪ್ರಾರ್ಥನಾಮಂದಿರದ ನೆತ್ತಿಯ ಮೇಲೆ ಚಕ್ರದ ಎರಡು ಬದಿಗೆ ಎರಡು ಚಿನ್ನದ ಜಿಂಕೆಗಳನ್ನು ಕಂಡಾಗ ಕಾಕಾಗೆ ಹೋದ ಜೀವ ಬಂತು. "ಮಾರೀಚ!" ಬುದ್ಧ ಮೊದಲು ಉಪದೇಶ ಮಾಡಿದ ಸಾರನಾಥದ ಜಿಂಕೆವನದ ಗುರುತು ಅದು ಎಂದು ನಾನು ಬಾಯಿ ತೆರೆಯುವುದರೊಳಗೆ ನನ್ನ ಮಗ, "ಮಾರೀಚ ಒಬ್ಬನೇ ಅಲ್ವಾ ತಾತಾ, ಇಲ್ಲಿ ಎರಡಿದೆ" ಎಂದ. ಕಾಕಾ ಒಂದು ಗಳಿಗೆ ಮೇಲೆ ನೋಡಿದರು. "ಇನ್ನೊಂದು ಅವನ ಹೇಂತಿ."

ಅಂಗಳದಲ್ಲಿ ಭಿಕ್ಷುಗಳ ತರ್ಕ ನಡೆದಿತ್ತು. ಕೂತವನು ಉತ್ತರ ಹೇಳಬೇಕು. ನಿಂತವನು ಪ್ರಶ್ನೆಯ ಕೊನೆಗೆ ಕಾಲು ಅಪ್ಪಳಿಸಿ ಚಪ್ಪಾಳೆ ತಟ್ಟುತ್ತಾನೆ. ಕಾಕಾ ಬಹಳ ಹೊತ್ತು ನೋಡಿ, "ಹಿಂಗ ಒಬ್ಬೊಬ್ಬರು ಕೇಳಾಕ ನಿಂತರ ನಮ್ಮಂಥವರು ಬದುಕೂದು ಹ್ಯಾಂಗ?" ಎಂದು ಹೊರಬಂದರು.

ಕ್ಯಾಂಟೀನಿನಲ್ಲಿ ಪಕ್ಕದ ಮೇಜಿನ ಎಳೆಯ ಭಿಕ್ಷುವನ್ನು ತೋರಿಸಿ, "ಪಾಪ, ಟಿಬೆಟದಿಂದ ನಡಕೋತ ಬಂದಾವ" ಎಂದರು. ಹುಡುಗ ಚಹಾದ ಲೋಟ ಕೆಳಗಿಟ್ಟ. "ಇಲ್ಲರೀ ಕಾಕಾ, ನಾ ಇಲ್ಲೇ ಮುಂಡಗೋಡದಾಗ ಹುಟ್ಟೇನಿ. ನಮ್ಮಪ್ಪ ಚಳಿಗಾಲದಾಗ ಹುಬ್ಬಳ್ಳಿಯೊಳಗ ಸ್ವೆಟರ್ ಮಾರತಿದ್ದ."

ಕಾಕಾ ಕುರ್ಚಿ ಎಳೆದುಕೊಂಡು ಆ ಕಡೆ ತಿರುಗಿಯೇಬಿಟ್ಟರು. "ಹುಬ್ಬಳ್ಳ್ಯಾಗ ಎಲ್ಲಿ? ಯಾವ ಕ್ಯಾಂಪು ನಿಮ್ಮದು? ಅಪ್ಪ ಸ್ವಲ್ಪ ಕುಂಟತಿದ್ದನೇನು? ತಡಿ, ನನ್ನ ಮದವಿ ವರ್ಷದ ಸ್ವೆಟರ್ ಅವನ ಕಡೇನ ತಗೊಂಡಿದ್ದು. ನೂರಕ್ಕ ಕೇಳಿದ್ದ, ಅರವತ್ತಕ್ಕ ಇಳಿಸಿದ್ದೆ!" ಹುಡುಗ, "ಹಂಗಾರ ಉಳಿದ ನಲವತ್ತು ಈಗ ಕೊಡ್ರಿ" ಎಂದ. ಬಂಕಾಪುರದ ಅರವತ್ತು ಕಂಬದ ಗುಡಿಗೆ ಹೊತ್ತಾಗುತ್ತದೆಂದು ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. "ಅದೇನು ಓಡಿ ಹೋಗತದೇನು, ಸಾವಿರ ವರ್ಷದಿಂದ ಅಲ್ಲೇ ಐತಿ" ಎಂದು ಅತ್ತ ತಿರುಗದೆಯೇ ಹೇಳಿದ ಕಾಕಾ, ಹುಡುಗನ ತಟ್ಟೆಯಿಂದ ಒಂದು ಮೋಮೊ ಎತ್ತಿ ಬಾಯಿಗಿಟ್ಟುಕೊಂಡರು.